ಗನ್ ಹಿಡಿದವನಿಗೆ ಹೆದರದವರು ಗೇಮ್‌ನ ನಾಯಿಗೆ ಯಾಕೆ ಹೆದರುತ್ತಾರೆ?

ಪ್ರಶ್ನೆ: ಮೊಬೈಲ್‌ನ ಗುಂಡಿನ ಕಾಳಗದ ಗೇಮ್ ಬಿಜಿಎಂಐನಲ್ಲಿ ನೂರು ಜನರ ಮಧ್ಯೆ ಇಳಿದು ಆರಾಮಾಗಿ ಆಡ್ತೀನಿ. ಆದ್ರೆ ಕಂಪ್ಯೂಟರ್ ಗೇಮ್‌ನಲ್ಲಿ ಒಂದು ತೋಳನೋ ನಾಯಿನೋ ಬಂದ್ರೆ ಸಾಕು, ಕೈ ಬೆವರುತ್ತೆ, ಗುರಿ ತಪ್ಪುತ್ತೆ. ನನಗೆ ಮಾತ್ರ ಹೀಗಾ? (ಮಂಡ್ಯದಿಂದ ಒಬ್ಬ ಓದುಗರು)

ನಿಮಗೆ ಮಾತ್ರ ಅಲ್ಲ. ಗೇಮ್ ಆಡುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹಲ್ಲು, ಉಗುರು ನೋಡಿ ಹೆದರಿಕೆ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ಗುಂಡು ಹಲ್ಲಿಗಿಂತ ಬೇಗ ಕೊಲ್ಲುತ್ತದೆ, ಅಲ್ವಾ? ಅದು ಗೊತ್ತಿದ್ದೂ ಗನ್ ಹಿಡಿದವನ ಎದುರು ನಾವು ಇಷ್ಟೊಂದು ಗಾಬರಿ ಬೀಳುವುದಿಲ್ಲ. ನನಗೆ ಕಾಣುವ ಮುಖ್ಯ ಕಾರಣ ಬೇರೆ. ಗೇಮ್‌ನ ಮನುಷ್ಯ ತಾನು ಏನು ಮಾಡಲಿದ್ದೇನೆ ಅನ್ನುವುದನ್ನು ನಿಮಗೆ ಮೊದಲೇ ತಿಳಿಸುತ್ತಾನೆ. ಗೇಮ್‌ನ ಪ್ರಾಣಿ ತಿಳಿಸುವುದಿಲ್ಲ.

2005ರಲ್ಲಿ ಬಂದ ‘ಫಿಯರ್’ ಗೇಮ್‌ನ ಶತ್ರು ಸೈನಿಕರನ್ನು ಇವತ್ತಿಗೂ ಜನ ಹೊಗಳುತ್ತಾರೆ. ಅವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಲೇ ಇರುತ್ತಾರೆ: ಅವನು ಎಲ್ಲಿದ್ದಾನೆ, ನಾನು ಹೊರಟೆ, ಗ್ರೆನೇಡ್ ಎಸೆಯುತ್ತಿದ್ದೇನೆ. ಆ ಕೂಗು ನಿಜವಾಗಿ ಇರುವುದು ಆಡುವವರ ಕಿವಿಗೆ. ಅದನ್ನು ಕೇಳಿ ನೀವು ಓಡಬೇಕಾ, ಕೂರಬೇಕಾ ಅಂತ ತೀರ್ಮಾನ ಮಾಡುತ್ತೀರಿ. ಮಾತು ಬಿಡಿ, ಬೇರೆ ಗೇಮ್‌ಗಳಲ್ಲೂ ಮನುಷ್ಯ ಶತ್ರು ಗೋಡೆ ಹಿಂದೆ ಅಡಗುತ್ತಾನೆ, ಗುಂಡು ತುಂಬಿಸಲು ನಿಲ್ಲುತ್ತಾನೆ, ಕಾವಲು ಕಾಯುವಾಗ ಒಂದೇ ದಾರಿಯಲ್ಲಿ ಹೋಗಿ ಬರುತ್ತಾನೆ. ಅವನು ನಿಂತ ಆ ಎರಡು ಕ್ಷಣ ನಿಮ್ಮ ಸರದಿ. ಉಸಿರು ಬಿಡಲು ಜಾಗ ಸಿಗುತ್ತದೆ.

ಪ್ರಾಣಿಗೆ ಗೋಡೆ ಬೇಡ, ಗುಂಡು ಬೇಡ. ಅದಕ್ಕೆ ಕೆಲಸ ಇರುವುದು ಒಂದೇ, ನಿಮ್ಮ ಹತ್ತಿರ ಬರುವುದು. ಅದೂ ಸೀದಾ ಬರುವುದಿಲ್ಲ, ಎಡಕ್ಕೆ ಬಲಕ್ಕೆ ಹಾರುತ್ತಾ ಬರುತ್ತದೆ. ಇಲ್ಲಿ ತುಂಬಾ ಜನ ಗಮನಿಸದ ಒಂದು ಸಣ್ಣ ವಿಷಯ ಇದೆ: ಎತ್ತರ. ನೀವು ಗಂಟೆಗಟ್ಟಲೆ ಆಡಿ ರೂಢಿ ಮಾಡಿಕೊಂಡಿರುವುದು ಮನುಷ್ಯನ ಎದೆಗೋ ತಲೆಗೋ ಗುರಿ ಇಡುವುದನ್ನು. ನಾಯಿ ಮೊಣಕಾಲ ಹತ್ತಿರ ಇರುತ್ತದೆ. ಗುರಿಯನ್ನು ಕೆಳಗೆ ತರುವಷ್ಟರಲ್ಲಿ ಅದು ಕಾಲಡಿ ಬಂದಿರುತ್ತದೆ, ಆಮೇಲೆ ಕ್ಯಾಮೆರಾದಲ್ಲಿ (ಪರದೆ ಮೇಲಿನ ನಿಮ್ಮ ನೋಟದಲ್ಲಿ) ಬರೀ ನೆಲ ಕಾಣುತ್ತದೆ, ನಾಯಿ ಎಲ್ಲಿ ಅಂತ ಹುಡುಕುತ್ತಾ ನೀವು ಸುತ್ತುತ್ತಿರುತ್ತೀರಿ. ‘ಫಾರ್ ಕ್ರೈ 4’ರ ಹದ್ದುಗಳದ್ದು ಇದಕ್ಕೆ ಉಲ್ಟಾ. ಮೇಲಿನಿಂದ ಎರಗುತ್ತವೆ, ಮೇಲೆ ಯಾರು ನೋಡುತ್ತಾ ಓಡಾಡುತ್ತಾರೆ ಹೇಳಿ. ‘ಫಾರ್ ಕ್ರೈ 3’ರಲ್ಲಿ ನೀರಿಗೆ ಇಳಿದರೆ ಮೊಸಳೆ ಹಿಡಿಯುತ್ತದೆ. ಆಗ ಕ್ಯಾಮೆರಾ ನಿಮ್ಮ ಕೈಯಲ್ಲೇ ಇರುವುದಿಲ್ಲ, ಬಟನ್ ಒತ್ತಿ ಒತ್ತಿ ಬಿಡಿಸಿಕೊಳ್ಳಬೇಕು. ಗುಂಡು ತಗುಲಿದರೆ ಬರೀ ಹೆಲ್ತ್ (ಗೇಮ್‌ನಲ್ಲಿ ಉಳಿದಿರುವ ಜೀವದ ಅಳತೆ) ಕಡಿಮೆಯಾಗುತ್ತದೆ. ಪ್ರಾಣಿ ಹಿಡಿದರೆ ನಿಮ್ಮ ಹಿಡಿತವೇ ಹೋಗುತ್ತದೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

1996ರ ‘ರೆಸಿಡೆಂಟ್ ಈವಿಲ್’ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆ ಗೇಮ್‌ನ ಸತ್ತ ಮನುಷ್ಯರು (ಜೋಂಬಿಗಳು) ಕಾಲೆಳೆದುಕೊಂಡು ನಿಧಾನ ಬರುತ್ತಾರೆ. ಅವರಿಂದ ತಪ್ಪಿಸಿಕೊಳ್ಳುವುದನ್ನು ನೀವು ಆಗಷ್ಟೇ ಕಲಿಯುತ್ತಿರುತ್ತೀರಿ. ಅಷ್ಟರಲ್ಲಿ ಖಾಲಿ ಕಾರಿಡಾರ್ ಒಂದರಲ್ಲಿ ಹೋಗುವಾಗ ಕಿಟಕಿ ಗಾಜು ಒಡೆದು ನಾಯಿ ಒಳಗೆ ಹಾರುತ್ತದೆ. ಆವರೆಗೆ ಕಲಿತ ಲೆಕ್ಕ ಒಂದೇ ಏಟಿಗೆ ಕೈಕೊಡುತ್ತದೆ. ಇಷ್ಟು ವರ್ಷ ಆದ ಮೇಲೂ ಆ ಗೇಮ್ ಆಡಿದವರು ಮೊದಲು ನೆನಪಿಸಿಕೊಳ್ಳುವುದು ಆ ಕಿಟಕಿಯನ್ನೇ.

ಇನ್ನು ಸದ್ದು. ‘ಸಬ್‌ನಾಟಿಕಾ’ದಲ್ಲಿ ಸಮುದ್ರದೊಳಗೆ ಈಜುವಾಗ ರೀಪರ್ ಅನ್ನುವ ದೈತ್ಯ ಪ್ರಾಣಿಯ ಕೂಗು ಮೊದಲು ಕೇಳುತ್ತದೆ. ಮಂಜು ಮಂಜಾದ ನೀರಲ್ಲಿ ಅದು ಯಾವ ದಿಕ್ಕಿನಲ್ಲಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ. ಪ್ರಾಣಿಗಳು ಪ್ರಾಣಭಯದಲ್ಲಿ ಕಿರುಚುವಾಗ ಸ್ವರ ಒಡೆಯುತ್ತದೆ, ಕರ್ಕಶವಾಗುತ್ತದೆ. ಡೇನಿಯಲ್ ಬ್ಲೂಮ್‌ಸ್ಟೀನ್ ಅನ್ನುವ ವಿಜ್ಞಾನಿ ಅಮೆರಿಕದ ಬೆಟ್ಟಗಳ ಮಾರ್ಮಟ್ ಅನ್ನುವ ದೊಡ್ಡ ಅಳಿಲುಗಳ ಕಿರುಚಾಟವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅಂಥದೇ ಒಡಕು ಸದ್ದನ್ನು ಸಿನಿಮಾದವರು ಹೆದರಿಸುವ ದೃಶ್ಯಗಳಲ್ಲಿ ಬಳಸುತ್ತಾರೆ ಅಂತ 2010ರಲ್ಲಿ ಅವರೂ ಜೊತೆಗಾರರೂ ತೋರಿಸಿದರು. ಗೇಮ್‌ನವರು ಮಾಡುವುದೂ ಇದನ್ನೇ. ಆ ಸದ್ದನ್ನು ಹೆಡ್‌ಫೋನ್ ಹಾಕಿ ಕೇಳಿದರೆ ಮೈ ಜುಮ್ಮೆನ್ನದೇ ಇರುತ್ತದಾ?

ಹಾಗಾದರೆ ಈ ಭಯ ಹುಟ್ಟಿನಿಂದ ಬಂದಿದ್ದಾ, ಕಲಿತಿದ್ದಾ? ಇದಕ್ಕೆ ಉತ್ತರವಾಗಿ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. 1980ರ ದಶಕದಲ್ಲಿ ಮೈಕೇಲ್ ಕುಕ್ ಮತ್ತು ಸೂಸನ್ ಮಿನೆಕಾ ಲ್ಯಾಬ್‌ನಲ್ಲೇ ಬೆಳೆದ ಕೋತಿಗಳಿಗೆ ವಿಡಿಯೊ ತೋರಿಸಿದರು. ವಿಡಿಯೊದಲ್ಲಿ ಇನ್ನೊಂದು ಕೋತಿ ಆಟಿಕೆ ಹಾವು ಅಥವಾ ಆಟಿಕೆ ಮೊಸಳೆ ಕಂಡು ಹೆದರುತ್ತದೆ. ನೋಡಿದ ಕೋತಿಗಳೂ ಅವಕ್ಕೆ ಹೆದರಲು ಕಲಿತವು. ಅದೇ ಹೆದರಿಕೆಯ ದೃಶ್ಯಕ್ಕೆ ಹೂವನ್ನೋ ಆಟಿಕೆ ಮೊಲವನ್ನೋ ಜೋಡಿಸಿ ತೋರಿಸಿದಾಗ ಕಲಿಯಲಿಲ್ಲ. ಅಂದರೆ ಭಯ ಪೂರ್ತಿ ತಯಾರಾಗಿ ಒಳಗೆ ಕೂತಿರುವುದಿಲ್ಲ, ಆದರೆ ಕೆಲವು ರೂಪಗಳನ್ನು ಕಂಡು ಬೇಗ ಕಲಿತುಬಿಡುತ್ತೇವೆ. ಅದಕ್ಕೆ ಪರದೆ ಮೇಲಿನ ಚಿತ್ರವೂ ಸಾಕು. ನಿಮ್ಮ ಕೈ ಬೆವರುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಮ್ಮ ಮೈಸೂರು, ಮಂಡ್ಯ ಕಡೆಯವರಿಗಂತೂ ಇದು ಬರೀ ಪರದೆಯ ವಿಷಯ ಅಲ್ಲ. ರಾತ್ರಿ ಗಾಡಿಯಲ್ಲಿ ಬರುವಾಗ ಬೀದಿ ನಾಯಿಗಳು ಅಟ್ಟಿಸಿಕೊಂಡು ಬಂದ ಅನುಭವ ಯಾರಿಗೆ ಇಲ್ಲ? ಕಬ್ಬು ಕಡಿಯುವಾಗ ಗದ್ದೆಯಲ್ಲಿ ಚಿರತೆ ಮರಿ ಸಿಕ್ಕಿದ ಸುದ್ದಿ ಆಗಾಗ ಬರುತ್ತದೆ. 2022ರ ಕೊನೆಯಿಂದ 2023ರ ಜನವರಿವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಯಿಂದ ನಾಲ್ಕು ಜನ ಸತ್ತರು. ಆ ದಿನಗಳಲ್ಲಿ ಆ ಊರುಗಳವರು ಸಂಜೆಯಾದರೆ ಹೊರಗೆ ಬರಲು ಹೆದರುತ್ತಿದ್ದರು. ಅಂಥ ಭಯ ನೋಡಿದ ಊರಿನ ಹುಡುಗರು ಗೇಮ್‌ನಲ್ಲಿ ಹುಲ್ಲು ಅಲ್ಲಾಡಿದರೂ ಬೆಚ್ಚುವುದು ಸಹಜ.

ಆದರೆ ಇಲ್ಲೇ ನಾನು ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗೇಮ್‌ನ ಪ್ರಾಣಿ ನಿಜವಾದ ಪ್ರಾಣಿಗಿಂತ ಜಾಸ್ತಿ ಹೆದರಿಸುವುದಕ್ಕೆ ಕಾರಣ, ಅದರಿಂದ ಒಂದು ದೊಡ್ಡ ಗುಣವನ್ನೇ ತೆಗೆದುಹಾಕಿರುತ್ತಾರೆ. ನಿಜವಾದ ಪ್ರಾಣಿ ಎಚ್ಚರಿಕೆ ಕೊಡುತ್ತದೆ. ಆನೆ ಕಿವಿ ಅಗಲಿಸಿ ಎಷ್ಟೋ ಸಲ ಸುಮ್ನೆ ಹೆದರಿಸಲು ನುಗ್ಗಿ ಬಂದು ನಿಲ್ಲುತ್ತದೆ. ಕೊಳಕುಮಂಡಲ ಜೋರಾಗಿ ಬುಸುಗುಡುತ್ತದೆ. ನಾಯಿ ಕಚ್ಚುವ ಮೊದಲು ಸಾಮಾನ್ಯವಾಗಿ ಗುರ್ ಅನ್ನುತ್ತದೆ. ಚಿರತೆ ಹೆಚ್ಚಿನ ಸಲ ನಮ್ಮನ್ನು ಕಂಡರೆ ಜಾಗ ಖಾಲಿ ಮಾಡುತ್ತದೆ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಚಿರತೆ ಕಾಣಿಸಿ, ನೌಕರರು ಮನೆಯಿಂದ ಕೆಲಸ ಮಾಡುವ ಹಾಗಾಯಿತು. ಚಿರತೆ ಮಾತ್ರ ಯಾರಿಗೂ ಏನೂ ಮಾಡಲಿಲ್ಲ. ಗೇಮ್‌ನ ಚಿರತೆ ಹೀಗಲ್ಲ. ನೋಡಿದ ಕೂಡಲೇ ಮೇಲೆ ಬೀಳುತ್ತದೆ, ಗುಂಡು ಬಿದ್ದರೂ ಓಡಿಹೋಗುವುದಿಲ್ಲ. ಹೊಟ್ಟೆ ತುಂಬಿದೆಯಾ, ಪಕ್ಕದಲ್ಲಿ ಮರಿ ಇದೆಯಾ ಅನ್ನುವ ಪ್ರಶ್ನೆಯೇ ಇಲ್ಲ. ಗೇಮ್‌ನವರಿಗೆ ಬೇಗ ಗಾಬರಿ ಹುಟ್ಟಿಸಬೇಕು, ಅದಕ್ಕೆ ಹೀಗೆ ಮಾಡುತ್ತಾರೆ. ನನಗೆ ಇದು ಬೇಸರದ ವಿಷಯ. ಬೋನು ಇಟ್ಟು ಚಿರತೆ ಹಿಡಿಯುವ ಊರುಗಳಲ್ಲಿ ಬೆಳೆಯುವ ಮಕ್ಕಳು ಚಿರತೆ ಅಂದರೆ ಕೊಲ್ಲಲು ಕಾಯುವ ಪ್ರಾಣಿ ಅಂತಲೇ ತಿಳಿದುಕೊಳ್ಳಬಾರದು.

ಎಚ್ಚರಿಕೆ ಕೊಡುವ ಪ್ರಾಣಿಯನ್ನೂ ಗೇಮ್‌ನಲ್ಲಿ ಮಾಡಬಹುದು. 2018ರ ‘ರೆಡ್ ಡೆಡ್ ರಿಡೆಂಪ್ಶನ್ 2’ರಲ್ಲಿ ಕರಡಿ ನುಗ್ಗಿ ಬಂದಾಗ ನೀವು ಓಡದೆ ನಿಂತರೆ ಕೆಲವೊಮ್ಮೆ ಅದು ಅರ್ಧಕ್ಕೆ ನಿಂತು ವಾಪಸ್ ಹೋಗುತ್ತದೆ. ಭಯ ಅದರಲ್ಲೂ ಇದೆ. ಆದರೆ ಆ ಕರಡಿಗೂ ಒಂದು ಮನಸ್ಸಿದೆ ಅನ್ನಿಸುತ್ತದೆ. ಗಾಜು ಒಡೆದು ಬರುವ ನಾಯಿಗಿಂತ ನನಗೆ ಈ ಭಯವೇ ಮೇಲು.

ಇನ್ನು ನಿಮ್ಮ ಕೈ ಬೆವರುವ ವಿಷಯ. ಹೆಡ್‌ಫೋನ್ ತೆಗೆದು ಸ್ಪೀಕರ್‌ನಲ್ಲಿ ಆಡಿ, ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಪ್ರಾಣಿ ಕಂಡ ತಕ್ಷಣ ಗುಂಡು ಹೊಡೆಯಬೇಡಿ. ಮೊದಲು ಬೆನ್ನಿಗೆ ಗೋಡೆ ಸಿಗುವ ಕಡೆ ಹೋಗಿ, ಗುರಿಯನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ, ಅದು ತಾನಾಗಿ ಗುರಿಗೆ ಬರಲಿ. ಬಂಡೆ ಇದ್ದರೆ ಹತ್ತಿ ನಿಲ್ಲಿ, ಎಷ್ಟೋ ಗೇಮ್‌ಗಳ ತೋಳ, ನಾಯಿಗಳಿಗೆ ಹತ್ತಲು ಬರುವುದಿಲ್ಲ. ಜೇಡ ಕಂಡರೆ ಆಗದವರು ಸೆಟ್ಟಿಂಗ್ಸ್ ಒಮ್ಮೆ ನೋಡಿ: ‘ಗ್ರೌಂಡೆಡ್’ ಗೇಮ್‌ನಲ್ಲಿ ಜೇಡದ ಕಾಲುಗಳನ್ನು ಕಡಿಮೆ ಮಾಡುತ್ತಾ ಹೋಗಿ ಕೊನೆಗೆ ಬರೀ ಉಂಡೆ ಮಾಡಿಕೊಳ್ಳುವ ಆಯ್ಕೆ ಇದೆ, ಈಗ ಬೇರೆ ಗೇಮ್‌ನವರೂ ಇಂಥದ್ದನ್ನು ಕೊಡುತ್ತಿದ್ದಾರೆ.