ಓದುವಾಗ ಕಂತಿಗೆ ರಜೆ, ಬಡ್ಡಿಗಲ್ಲ

ಹುಡುಗ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನನ್ನ ಟೇಬಲ್ ಮೇಲಿಟ್ಟ. ಎಂಜಿನಿಯರಿಂಗ್ ಕೊನೇ ಸೆಮಿಸ್ಟರ್. ಧಾರವಾಡದಲ್ಲಿ ನಾಲ್ವರು ಸೇರಿ ರೂಮು. ಅನ್ನ ಮಾತ್ರ ರೂಮಿನಲ್ಲಿ, ರೊಟ್ಟಿ ಪಲ್ಯ ಊರಿಂದ ಬೆಳಗಿನ ಬಸ್ಸಿಗೆ ಬುತ್ತಿಯಲ್ಲಿ ಬರುತ್ತಿತ್ತು. ಮನೆಯಿಂದ ಬಂದ ದುಡ್ಡಿನಲ್ಲಿ ತಿಂಗಳಿಗೆ 1,000 ರೂಪಾಯಿ ಉಳಿಸಿ ಆರ್‌ಡಿ, ಅಂದರೆ ತಿಂಗಳು ತಿಂಗಳು ತುಂಬುವ ಠೇವಣಿ, ಕಟ್ಟಿದ್ದ. ನಲವತ್ತೆಂಟು ತಿಂಗಳು. ಒಂದು ತಿಂಗಳೂ ತಪ್ಪಿಸಿರಲಿಲ್ಲ. ನಮ್ಮ ಸಿಬ್ಬಂದಿಯಲ್ಲೇ ಹೀಗೆ ಕಟ್ಟುವವರು ಕಡಿಮೆ. ಬಡ್ಡಿ ಸೇರಿ ಹತ್ತಿರ ಹತ್ತಿರ 55 ಸಾವಿರ ಆಗಿತ್ತು.

"ಏನು ಮಾಡ್ತೀಯಪ್ಪಾ ಇದನ್ನ?"

"ಗಾಡಿ ತಗೋಬೇಕಂತ ಮಾಡೀನ್ರಿ ಸರ್."

ಅದೇ ಸ್ಕ್ರೀನಿನಲ್ಲಿ, ಅವನ ಹೆಸರಿನ ಕೆಳಗೆ ಇನ್ನೊಂದು ಖಾತೆ ಕಾಣುತ್ತಿತ್ತು. ಶಿಕ್ಷಣ ಸಾಲ, 4 ಲಕ್ಷ. ಅದರ ಬಡ್ಡಿ ಎಷ್ಟಾಗಿದೆ ಗೊತ್ತಾ ಎಂದು ಕೇಳಿದೆ. ಅವನು ನನ್ನನ್ನೇ ಅನುಮಾನದಿಂದ ನೋಡಿದ.

"ಓದೋ ತನಕ ಬಡ್ಡಿ ಇಲ್ಲಲ್ರಿ ಸರ್?"

ಇಪ್ಪತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕಿನಲ್ಲಿದ್ದೇನೆ. ಈ ಪ್ರಶ್ನೆಗೆ ಒಂದೊಂದು ರೂಪಾಯಿ ಇಸಿದುಕೊಂಡಿದ್ದರೆ ಆ ಹುಡುಗನ ಸಾಲ ನಾನೇ ತೀರಿಸಬಹುದಿತ್ತು. ಕೇಳುವವರು ದಡ್ಡರಲ್ಲ. ಕ್ಯಾಲ್ಕುಲಸ್ ಮಾಡುವ ಮಕ್ಕಳು. ಮೆಸ್ಸಿನವನು ಬಿಲ್ಲಿನಲ್ಲಿ ಹತ್ತು ರೂಪಾಯಿ ಜಾಸ್ತಿ ಬರೆದರೆ ಜಗಳ ತೆಗೆಯುವ ಮಕ್ಕಳು. ಸಾಲದ ವಿಷಯ ಬಂದಾಗ ಮಾತ್ರ ಅದು ಎಲ್ಲೋ ಮಲಗಿದೆ, ಓದು ಮುಗಿದ ಮೇಲೆ ಏಳುತ್ತದೆ ಅಂದುಕೊಂಡಿರುತ್ತಾರೆ.

ತಪ್ಪು ಅರ್ಧ ನಮ್ಮದೇ. ಸಾಲ ಕೊಡುವಾಗ ಕೌಂಟರಿನಲ್ಲಿ ನಾವು ಹೇಳುವ ಮಾತು ಇದು: "ಓದು ಮುಗಿಯುವ ತನಕ ನೀವೇನೂ ಕಟ್ಟೋದು ಬೇಡ." ಮಾತು ಸರಿಯಾಗಿಯೇ ಇದೆ. ಆದರೆ ಎದುರಿಗೆ ಕೂತವರ ಕಿವಿಗೆ ಅದು "ಬಡ್ಡಿ ಇಲ್ಲ" ಎಂದು ಬೀಳುತ್ತದೆ. ಕಟ್ಟೋದು ಬೇಡ ಅನ್ನುವುದು ಬೇರೆ, ಬಡ್ಡಿ ಇಲ್ಲ ಅನ್ನುವುದು ಬೇರೆ. ಕೋರ್ಸಿನ ಅವಧಿ, ಅದರ ಮೇಲೆ ಒಂದು ವರ್ಷ, ಕಂತಿಗೆ ರಜೆ. ಬಡ್ಡಿಗೆ ರಜೆ ಇಲ್ಲ. ಭಾನುವಾರ ಇಲ್ಲ, ದೀಪಾವಳಿ ಇಲ್ಲ, ನಿಮ್ಮ ಪರೀಕ್ಷೆಯ ದಿನವೂ ಇಲ್ಲ. ಒಬ್ಬ ರೈತರಿಗೆ ಇದನ್ನು ಬಿಡಿಸಿ ಹೇಳಿದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಹೊಲಾ ಬೀಳು ಬಿಟ್ರ ಕಸಾ ಬೆಳಿಯೂದು ನಿಂದರತೈತೇನ್ರಿ." ಅಂದಿನಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ.

ಆ ಹುಡುಗನಿಗೆ ಚಲನ್ ಹಾಳೆಯ ಹಿಂದೆ ಬರೆದು ತೋರಿಸಿದ ಲೆಕ್ಕವನ್ನು ಇಲ್ಲೂ ಬರೆಯುತ್ತೇನೆ. ನಿಮ್ಮ ಬಡ್ಡಿ ದರ ಬೇರೆ ಇರಬಹುದು. ಸುಲಭವಾಗಲಿ ಎಂದು ಶೇ 10 ಹಿಡಿದಿದ್ದೇನೆ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಫೀಸು ಹೋಯಿತು ಅನ್ನಿ. ಕಂತು ಶುರುವಾಗುವುದು ಐದು ವರ್ಷದ ಮೇಲೆ. ಮೊದಲನೇ ಲಕ್ಷ ಅಷ್ಟೂ ಐದು ವರ್ಷ ಬಡ್ಡಿ ತಿಂದಿರುತ್ತದೆ, 50 ಸಾವಿರ. ಎರಡನೆಯದು 40, ಮೂರನೆಯದು 30, ನಾಲ್ಕನೆಯದು 20. ಒಟ್ಟು 1 ಲಕ್ಷ 40 ಸಾವಿರ.

ಇಲ್ಲಿವರೆಗೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ಕೆಟ್ಟದ್ದು ಇದರ ಮುಂದಿದೆ. ಕಂತು ಶುರುವಾಗುವ ದಿನ ಈ 1.40 ಲಕ್ಷ ಬಡ್ಡಿಯಾಗಿ ಉಳಿಯುವುದಿಲ್ಲ. ಅಸಲಿಗೆ ಸೇರುತ್ತದೆ. ನಿಮ್ಮ ಸಾಲ ಆವತ್ತಿನಿಂದ 5 ಲಕ್ಷ 40 ಸಾವಿರ. ಮುಂದಿನ ಬಡ್ಡಿ ಅಷ್ಟಕ್ಕೂ. ಹತ್ತು ವರ್ಷದ ಕಂತಾದರೆ 4 ಲಕ್ಷಕ್ಕೆ ತಿಂಗಳಿಗೆ ಸುಮಾರು 5,286 ರೂಪಾಯಿ ಬರುತ್ತಿತ್ತು. ಈಗ 7,136. ತಿಂಗಳಿಗೆ 1,850 ಜಾಸ್ತಿ, ಹತ್ತು ವರ್ಷಕ್ಕೆ 2 ಲಕ್ಷ 22 ಸಾವಿರ.

ಹುಡುಗ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಕೂಡಿಸಿದ. ಅವನ ತಂದೆ ಹೈಸ್ಕೂಲ್ ಮೇಷ್ಟ್ರು, ಲೆಕ್ಕದ ಮೇಷ್ಟ್ರೇ.

"ಹಂಗಾದ್ರ ನಾ ಆರ್‌ಡಿ ಮಾಡಿದ್ದ ತಪ್ಪಾತೇನ್ರಿ?"

ಇಲ್ಲ. ಇಲ್ಲಿ ನನ್ನ ಸಹೋದ್ಯೋಗಿಗಳೂ ಕೆಲವೊಮ್ಮೆ ಎಡವುತ್ತಾರೆ. "ಸಾಲಕ್ಕೆ ಶೇ 10 ಕೊಟ್ಟು, ಆರ್‌ಡಿಗೆ ಆರೂವರೆ ತಗೊಳ್ಳೋದು ದಡ್ಡತನ" ಅನ್ನುತ್ತಾರೆ. ಬೇರೆ ಸಾಲಕ್ಕೆ ಆ ಮಾತು ಸರಿ. ಇಲ್ಲಿ ಅಷ್ಟು ಸರಳ ಅಲ್ಲ. ನಮ್ಮ ಕಡೆಯ ಶಿಕ್ಷಣ ಸಾಲದಲ್ಲಿ ರಜೆಯ ಅವಧಿಗೆ ಸರಳ ಬಡ್ಡಿ. ಬಡ್ಡಿಗೆ ಬಡ್ಡಿ ಬೀಳುವುದಿಲ್ಲ. ನೀವು ನಡುವೆ ಕಟ್ಟಿದ ಸಣ್ಣ ದುಡ್ಡು ಮೊದಲು ಬಡ್ಡಿಗೇ ಜಮಾ ಆಗುತ್ತದೆ, ಅಸಲು ಹಾಗೇ ಇರುತ್ತದೆ. ಹಾಗಾಗಿ ಆ ದುಡ್ಡು ಅಲ್ಲಿಯ ತನಕ ಆರ್‌ಡಿಯಲ್ಲಿದ್ದರೆ ನಷ್ಟವಿಲ್ಲ, ನಾಲ್ಕು ಕಾಸು ಲಾಭವೇ. ಆದರೆ ಬಡ್ಡಿ ಅಸಲಿಗೆ ಸೇರುವ ದಿನಕ್ಕೆ ಮುಂಚೆ ಅದು ಸಾಲದ ಖಾತೆಗೆ ಬರಬೇಕು. ಆ ದಿನದ ಆಚೆ ಅದೇ ದುಡ್ಡಿನ ಬೆಲೆಯೇ ಬೇರೆ. ಈ ಹುಡುಗ 55 ಸಾವಿರ ಕಟ್ಟಿದರೆ ಕಂತು 7,136ರಿಂದ 6,409ಕ್ಕೆ ಇಳಿಯುತ್ತದೆ. ಹತ್ತು ವರ್ಷದಲ್ಲಿ 87 ಸಾವಿರ ಉಳಿತು. ಗಾಡಿ ತಗೊಂಡರೆ 87 ಸಾವಿರ ಕೊಟ್ಟು ಕೊಂಡಂತೆ, ಪೆಟ್ರೋಲ್ ಬೇರೆ.

ಇದಕ್ಕೆ ಎರಡು ಅಪವಾದ ಹೇಳಿಬಿಡಬೇಕು. ಓದುವಾಗಲೇ ತಿಂಗಳು ತಿಂಗಳು ಪೂರ್ತಿ ಬಡ್ಡಿ ಕಟ್ಟುತ್ತಾ ಹೋದರೆ ದರದಲ್ಲಿ ಶೇ 1 ಬಿಡುವ ಪದ್ಧತಿ ಹಲವು ಬ್ಯಾಂಕುಗಳಲ್ಲಿದೆ. ನಿಮ್ಮಲ್ಲಿ ಇದೆಯೇ ಕೇಳಿ. ಇದ್ದರೆ ಆರ್‌ಡಿ ಬಿಟ್ಟು ಬಡ್ಡಿ ಕಟ್ಟುವುದೇ ಮೇಲು. ಇನ್ನೊಂದು, ಖಾಸಗಿ ಹಣಕಾಸು ಕಂಪನಿಗಳ ಸಾಲ. ಅವರ ಲೆಕ್ಕ ಬೇರೆ ಇರುತ್ತದೆ, ಓದುವಾಗಲೇ ಬಡ್ಡಿ ಕಟ್ಟಿಸಿಕೊಳ್ಳುವವರೂ ಇದ್ದಾರೆ. ಮಂಜೂರಾತಿ ಪತ್ರ ಓದದೆ ನನ್ನ ಮಾತು ಹಿಡಿದುಕೊಂಡು ಹೋಗಬೇಡಿ.

ಆ ಶೇ 1 ಗಿಟ್ಟಿಸಿಕೊಂಡ ಹುಡುಗಿಯೊಬ್ಬಳು ನನಗೆ ಈಗಲೂ ನೆನಪಿದ್ದಾಳೆ. ಹಳ್ಳಿಯಿಂದ ಹುಬ್ಬಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಡುವವಳು. ಮೊದಲ ವರ್ಷ ತೆಗೆದದ್ದು 60 ಸಾವಿರ, ತಿಂಗಳ ಬಡ್ಡಿ 500 ರೂಪಾಯಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಯಿತಲ್ಲ, ಆಗ ಅವಳ ಅಪ್ಪ ಬಸ್ಸಿಗೆಂದು ಕೊಡುತ್ತಿದ್ದ ದುಡ್ಡನ್ನು ನಿಲ್ಲಿಸಲಿಲ್ಲ. "ಅಪ್ಪಗ ನಾನs ಹೇಳೇನ್ರಿ, ಬಂದ್ ಮಾಡಬ್ಯಾಡಂತ" ಅಂದಳು. ಅದೇ ದುಡ್ಡು ಬಡ್ಡಿಗೆ ಬರುತ್ತಿತ್ತು. ಮರುವರ್ಷ ಬಡ್ಡಿ 1,000 ಆದಾಗ ಊರಲ್ಲಿ ಐದಾರು ಮಕ್ಕಳಿಗೆ ಟ್ಯೂಷನ್ ಹೇಳಿ ಕಟ್ಟಿದಳು. ಫೋನಿನಲ್ಲೇ ಕಟ್ಟಬಹುದಮ್ಮಾ ಎಂದರೂ ಕೇಳದೆ ಬ್ಯಾಂಕಿಗೇ ಬರುವವಳು. ರಸೀದಿಗೆ ಸೀಲು ಬೀಳಬೇಕು ಅವಳಿಗೆ.

ಉಳಿಸಬೇಕು ಅಂದಕೂಡಲೇ ಈ ಮಕ್ಕಳಿಗೆ ಎಲ್ಲರೂ ಚಹಾ ಬಿಡಿ, ಗಿರ್ಮಿಟ್ ಬಿಡಿ ಎಂದು ಹೇಳುತ್ತಾರೆ. ನಾನು ಹೇಳುವುದಿಲ್ಲ. ಸಂಜೆ ಮಿರ್ಚಿ ಗಿರ್ಮಿಟ್ ತಿನ್ನದೆ ಧಾರವಾಡದಲ್ಲಿ ಓದಿ ಏನು ಪ್ರಯೋಜನ? ಊಟ ಬಿಟ್ಟು ದುಡ್ಡು ಉಳಿಸಿದ ಮಕ್ಕಳ ಮುಖ ನೋಡಿದ್ದೇನೆ, ಅದು ಉಳಿತಾಯ ಅಲ್ಲ. ನನಗೆ ಸಿಟ್ಟು ಬರುವುದು ಬೇರೆ ಕಡೆ. ದಿನಕ್ಕೆ ಹತ್ತು ರೂಪಾಯಿ ಚಹಾ ಬಿಟ್ಟ ಹುಡುಗನೇ ಮೊದಲ ವರ್ಷ ಸಾಲದ ದುಡ್ಡಿನಲ್ಲಿ 70 ಸಾವಿರದ ಲ್ಯಾಪ್‌ಟಾಪ್ ತಗೊಂಡಿರುತ್ತಾನೆ. ಹೇಗೂ ಮಂಜೂರಾಗಿದೆಯಲ್ಲ, ಬಿಟ್ಟರೆ ನಷ್ಟ ಅಂತ. ಮಂಜೂರಾದದ್ದೆಲ್ಲ ತಗೊಳ್ಳಲೇಬೇಕು ಅಂತ ಯಾರು ಹೇಳಿದರೋ!

ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ. ಮೊದಲ ವರ್ಷ ತೆಗೆದ ಒಂದು ರೂಪಾಯಿ ಕಂತು ಶುರುವಾಗುವಾಗ ಒಂದೂವರೆ ರೂಪಾಯಿ. ಕೊನೇ ವರ್ಷದ್ದು ಒಂದು ರೂಪಾಯಿ ಇಪ್ಪತ್ತು ಪೈಸೆ. ಕೈ ಬಿಗಿ ಹಿಡಿಯಬೇಕಾದ್ದು ಮೊದಲ ವರ್ಷ. ಆದರೆ ಬ್ಯಾಗು, ಬೂಟು, ಫೋನು, ಲ್ಯಾಪ್‌ಟಾಪು, ಎಲ್ಲ ಹೊಸದು ಬರುವುದೂ ಅದೇ ವರ್ಷ. ಆ 70 ಸಾವಿರ, ಮೊದಲ ಕಂತು ಕಟ್ಟುವ ಮುಂಚೆಯೇ 1 ಲಕ್ಷ 5 ಸಾವಿರ. ಹತ್ತು ವರ್ಷದ ಕಂತು ಮುಗಿಯುವಾಗ 1 ಲಕ್ಷ 66 ಸಾವಿರ ಕೊಟ್ಟಿರುತ್ತೀರಿ. ಅಷ್ಟೊತ್ತಿಗೆ ಲ್ಯಾಪ್‌ಟಾಪ್ ಎಲ್ಲಿರುತ್ತದೆ? ಸೀನಿಯರ್ ಹತ್ತಿರ ಹಳೇದು ತಗೊಳ್ಳಿ, ಇಲ್ಲವೇ ಒಂದು ವರ್ಷ ಲ್ಯಾಬಿನಲ್ಲಿ ಕೂತು ಕೆಲಸ ಮಾಡಿ. ಕೋರ್ಸಿಗೆ ಮೊದಲ ದಿನದಿಂದಲೇ ಬೇಕಾದರೆ ತಗೊಳ್ಳಿ, ಬೇಡ ಅನ್ನಲು ನಾನ್ಯಾರು. ಆದರೆ ಬೆಲೆ 70 ಸಾವಿರ ಅಂತ ಮಾತ್ರ ತಿಳಿಯಬೇಡಿ.

ಇಷ್ಟು ಓದಿ ಯಾರಾದರೂ ನಾಳೆಯೇ ಬಡ್ಡಿ ಕಟ್ಟಲು ಓಡಬಾರದು. ಅದಕ್ಕೂ ಒಂದು ಕತೆ ಇದೆ. ಹಿಂದೊಂದು ಊರಿನಲ್ಲಿದ್ದಾಗ ರೈತರೊಬ್ಬರು ಮಗಳ ಸಾಲದ ಬಡ್ಡಿ ಕಟ್ಟಲು ಬಂದರು. ದುಡ್ಡು ಎಲ್ಲಿಂದ ಬಂತು ಎಂದು ನಾನು ಕೇಳಬೇಕಾಗಿರಲಿಲ್ಲ, ಆದರೂ ಬಾಯಿಗೆ ಬಂತು. ಹೆಂಡತಿಯ ಬೆಂಡೋಲೆ ಅಡವಿಟ್ಟಿದ್ದರು. ಕಡತ ತೆಗೆದು ನೋಡಿದರೆ ಮಗಳು ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನಕ್ಕೆ ಅರ್ಹಳು. 2009ರಿಂದ ಇರುವ ಯೋಜನೆ. ಈಗಿನ ಮಿತಿಯಂತೆ ಕುಟುಂಬದ ವರ್ಷದ ಆದಾಯ 4.5 ಲಕ್ಷದ ಒಳಗಿದ್ದು, ಕೋರ್ಸು ಮತ್ತು ಕಾಲೇಜು ನಿಯಮಕ್ಕೆ ಹೊಂದಿದರೆ, ಈ ರಜೆಯ ಅವಧಿಯ ಬಡ್ಡಿಯನ್ನು ಸರ್ಕಾರವೇ ಕೊಡುತ್ತದೆ. ಬೇಕಾಗಿದ್ದದ್ದು ಆದಾಯ ಪ್ರಮಾಣಪತ್ರ. ಅವರು ತಂದಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅವರನ್ನು ನಾಡಕಚೇರಿಗೆ ಕಳಿಸಿದೆ. ದುಡ್ಡು ವಾಪಸ್ ಜೇಬಿಗಿಟ್ಟುಕೊಂಡು ಹೋದವರು ಬಾಗಿಲಲ್ಲಿ ನಿಂತು, "ಹಂಗಾದ್ರ ಇವತ್ತs ಬಿಡಿಸಿಕೊಂಡ ಹೋಗ್ಲೇನ್ರಿ?" ಎಂದು ಕೇಳಿದ್ದು ಬೆಂಡೋಲೆಯ ವಿಷಯ.

ಆದಾಯ ಸ್ವಲ್ಪ ಜಾಸ್ತಿ ಇದ್ದು ಇದು ತಪ್ಪಿದರೂ ಇನ್ನೊಂದು ದಾರಿ ಇದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆದಾಯ 8 ಲಕ್ಷದವರೆಗೆ ಇದ್ದವರಿಗೂ, ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ ಓದುವುದಾದರೆ, 10 ಲಕ್ಷದವರೆಗಿನ ಸಾಲಕ್ಕೆ ಈ ರಜೆಯ ಅವಧಿಯ ಬಡ್ಡಿಯಲ್ಲಿ ಶೇ 3ರ ಸಹಾಯ ಇದೆ. ಎರಡರಲ್ಲೂ ಷರತ್ತುಗಳಿವೆ. ಓದು ನಡುವೆ ಬಿಟ್ಟರೆ ಸಹಾಯಧನ ಹೋಗುತ್ತದೆ. ಇದನ್ನು ಬ್ಯಾಂಕಿನಲ್ಲಿ ಖಾತ್ರಿ ಮಾಡಿಕೊಂಡು ಆಮೇಲೆ ಉಳಿತಾಯದ ಮಾತು.

ಬ್ಯಾಂಕಿಗೆ ಬಂದಾಗ ಸುಮ್ನೆ "ಬ್ಯಾಲೆನ್ಸ್ ಎಷ್ಟು" ಅಂತ ಕೇಳಬೇಡಿ. ನನ್ನ ಸಾಲದ ಬಡ್ಡಿ ಇವತ್ತಿಗೆ ಎಷ್ಟಾಗಿದೆ, ಅಸಲಿಗೆ ಸೇರುವುದು ಯಾವ ತಾರೀಕು, ಇವೆರಡನ್ನು ಬರೆಸಿಕೊಳ್ಳಿ. ಬಡ್ಡಿ ಬಿದ್ದ ಮೆಸೇಜು ಹೋಗುವುದು ಎಷ್ಟೋ ಮನೆಗಳಲ್ಲಿ ಅಪ್ಪನ ಫೋನಿಗೆ, ಇಂಗ್ಲಿಷಿನಲ್ಲಿ. ಅವರು ಅದನ್ನು ರೀಚಾರ್ಜ್ ಮೆಸೇಜು ಅಂದುಕೊಂಡು ಅಳಿಸುತ್ತಾರೆ. ಸಾಲದ ಖಾತೆಗೆ ನಿಮ್ಮ ನಂಬರ್ ಕೊಡಿ. ಐದು ನಿಮಿಷದ ಕೆಲಸ.

ಆ ಹುಡುಗ ಆವತ್ತು ಏನೂ ಮಾಡದೆ ಹೋದ. ಗಾಡಿ ಆಸೆ, ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಕಂತಿಗೆ ಇನ್ನೂ ವರ್ಷದ ಮೇಲೆ ಟೈಮಿತ್ತು. ಹತ್ತು ದಿನ ಬಿಟ್ಟು ಬಂದ. ಚಲನ್ ಹಿಂದಿನ ನನ್ನ ಲೆಕ್ಕದ ಕೆಳಗೆ ಅವನ ಅಪ್ಪ ಕೆಂಪು ಪೆನ್ನಿನಲ್ಲಿ ಇನ್ನೊಮ್ಮೆ ಲೆಕ್ಕ ಮಾಡಿ ರೈಟ್ ಹಾಕಿ ಕಳಿಸಿದ್ದರು. 50 ಸಾವಿರ ಸಾಲದ ಖಾತೆಗೆ ಕಟ್ಟಿದ. ಉಳಿದದ್ದು ಕೈಗೆ ಬೇಕು ಅಂದ. ಕ್ಯಾಂಪಸ್ ಇಂಟರ್‌ವ್ಯೂ ಬರುತ್ತಿದೆ, ಬೂಟು ತಗೋಬೇಕಂತೆ.