ದೂರ ಆಮೇಲೆ, ಮೊದಲು ಚೆಂಡು ಹೊರಟ ದಿಕ್ಕು ನೋಡಿ

ಗಾಲ್ಫ್ ಚೆಂಡು ಹೇಗೆ ಹೊರಟಿತು ಅಂತ ಅಳೆಯುವ ಲಾಂಚ್ ಮಾನಿಟರ್ ಮಶೀನಿನ ಮುಂದೆ ಹೊಡೆಯುವವರೆಲ್ಲ ಮೊದಲು ನೋಡುವುದು ದೂರ. ಚೆಂಡು ಎಷ್ಟು ಗಜ ಹೋಯ್ತು ಅಂತ. ಸ್ವಿಂಗ್, ಅಂದರೆ ಕ್ಲಬ್ (ಗಾಲ್ಫ್ ಕೋಲು) ಬೀಸುವ ರೀತಿ, ತಿದ್ದಿಕೊಳ್ಳಬೇಕು ಅನ್ನುವವರಿಗೆ ಆ ಅಂಕಿಯಿಂದ ಸಿಗುವುದು ತೀರಾ ಕಡಿಮೆ. ಚಿಕ್ಕಬಳ್ಳಾಪುರದ ಕಡೆ ನನ್ನ ಹತ್ತಿರ ಗಾಲ್ಫ್ ಕಲಿಯಲು ಬರುವವರಿಗೆ ಶುರುವಿನಲ್ಲಿ ನಾನು ಎರಡೇ ಅಂಕಿ ತೋರಿಸುತ್ತೇನೆ. ಚೆಂಡು ಹೊರಟ ದಿಕ್ಕು ಒಂದು, ಸ್ಪಿನ್ ಆಕ್ಸಿಸ್, ಅಂದರೆ ಚೆಂಡು ತಿರುಗುವ ಅಕ್ಷ ಎಷ್ಟು ವಾಲಿದೆ ಅನ್ನುವುದು, ಇನ್ನೊಂದು.

ಚೆಂಡು ಯಾವ ಕಡೆ ಹೊರಡಬೇಕು ಅನ್ನುವುದನ್ನು ಬಹುಪಾಲು ನಿರ್ಧರಿಸುವುದು ಕ್ಲಬ್‌ನ ಫೇಸ್, ಅಂದರೆ ಚೆಂಡಿಗೆ ತಗುಲುವ ಮುಖ, ಯಾವ ಕಡೆ ನೋಡುತ್ತಿದೆ ಅನ್ನುವುದು. ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್‌ನಲ್ಲಿ ನೂರಕ್ಕೆ ಸುಮಾರು 85, ಅದಕ್ಕಿಂತ ಕಡಿಮೆ ದೂರದ ಐರನ್‌ ಕ್ಲಬ್‌ಗಳಲ್ಲಿ ಸುಮಾರು 75ರಷ್ಟು ಫೇಸ್‌ನದ್ದೇ ಪಾತ್ರ. ಉಳಿದದ್ದು ಕ್ಲಬ್ ಬೀಸಿಕೊಂಡು ಬಂದ ದಾರಿ, ಅಂದರೆ ಪಾತ್. ಹೊರಟ ಮೇಲೆ ಚೆಂಡು ಯಾವ ಕಡೆ ಬಾಗುತ್ತದೆ ಅನ್ನುವುದು ಫೇಸ್‌ಗೂ ಪಾತ್‌ಗೂ ಎಷ್ಟು ವ್ಯತ್ಯಾಸ ಇದೆ ಅನ್ನುವುದರ ಮೇಲೆ ನಿಂತಿದೆ. ಸೈಡ್ ಸ್ಪಿನ್, ಬ್ಯಾಕ್ ಸ್ಪಿನ್ ಅಂತ ಬೇರೆ ಬೇರೆ ಎರಡಿಲ್ಲ. ಚೆಂಡು ತಿರುಗುವುದು ಒಂದೇ ಅಕ್ಷದ ಮೇಲೆ. ಅದು ಬಲಕ್ಕೆ ವಾಲಿದರೆ ಚೆಂಡು ಬಲಕ್ಕೆ, ಎಡಕ್ಕೆ ವಾಲಿದರೆ ಎಡಕ್ಕೆ. ಒರಟು ಲೆಕ್ಕ ಬೇಕಾದರೆ, ಅಕ್ಷ 10 ಡಿಗ್ರಿ ವಾಲಿದಾಗ ನೂರು ಗಜಕ್ಕೆ ಸುಮಾರು 7 ಗಜ ಬಾಗುತ್ತದೆ.

ಇದು ಕೆಲಸಕ್ಕೆ ಬರುವುದು ಹೇಗೆ? ಗುಲಾಬಿ ಬೆಳೆಯುವ ರೈತರೊಬ್ಬರು ನನ್ನ ಹತ್ತಿರ ಬರುತ್ತಾರೆ. ಬಲಗೈ ಆಟಗಾರರು. ಡ್ರೈವರ್ ಹಿಡಿದರೆ ಚೆಂಡು ಪ್ರತಿ ಸಲ ಬಲಗಡೆ ಪೊದೆಗೆ. "ಸರ್, ಇನ್ನೂ ಸ್ವಲ್ಪ ಎಡಕ್ಕೆ ತಿರುಗಿ ನಿಂತ್ಕೊಳ್ಳಲಾ?" ಅಂತ ಕೇಳಿದರು. ಪರದೆಯಲ್ಲಿ ಚೆಂಡು 3 ಡಿಗ್ರಿ ಎಡಕ್ಕೆ ಹೊರಟಿತ್ತು, ಅಕ್ಷ 14 ಡಿಗ್ರಿ ಬಲಕ್ಕೆ ವಾಲಿತ್ತು. ಅಂದರೆ ಫೇಸ್ ಆಗಲೇ ಗುರಿಗಿಂತ ಎಡಕ್ಕೆ ನೋಡುತ್ತಿದೆ. ಕ್ಲಬ್ ಬೀಸಿ ಬರುತ್ತಿರುವ ದಾರಿ ಅದಕ್ಕಿಂತ ಜಾಸ್ತಿ ಎಡಕ್ಕಿದೆ. ಫೇಸ್ ತೆರೆದುಕೊಂಡಿದೆ, ಅಂದರೆ ಬಲಕ್ಕೆ ನೋಡುತ್ತಿದೆ ಅಂದುಕೊಂಡು ಮಣಿಕಟ್ಟು ತಿರುಚಿದ್ದರೆ ಚೆಂಡು ಇನ್ನೂ ಎಡದಿಂದ ಹೊರಡುತ್ತಿತ್ತು. ಎಡಕ್ಕೆ ತಿರುಗಿ ನಿಂತಿದ್ದರೆ ಪಾತ್ ಕೂಡ ಅವರ ಜೊತೆಗೇ ಎಡಕ್ಕೆ ಹೋಗುತ್ತಿತ್ತು. ಸ್ಲೈಸ್, ಅಂದರೆ ಚೆಂಡು ಹೀಗೆ ಬಲಕ್ಕೆ ಬಾಗುವುದು, ನಿಲ್ಲುತ್ತಿರಲಿಲ್ಲ.

ಪಾತ್ ತಿದ್ದುವ ಮೊದಲು ಇನ್ನೊಂದು ಅನುಮಾನ ಕಳೆದುಕೊಳ್ಳಬೇಕು. ಚೆಂಡನ್ನು ಮಾತ್ರ ಅಳೆಯುವ ಮಶೀನಿಗೆ ಫೇಸ್‌ನ ಯಾವ ಜಾಗಕ್ಕೆ ತಗುಲಿತು ಅನ್ನುವುದು ಕಾಣುವುದಿಲ್ಲ. ಬಲಗೈ ಆಟಗಾರರಿಗೆ ಡ್ರೈವರ್‌ನಲ್ಲಿ ಹೀಲ್ ಕಡೆ, ಅಂದರೆ ಕೋಲಿಗೆ ಹತ್ತಿರದ ಬದಿಗೆ, ತಗುಲಿದರೂ ಅಕ್ಷ ಬಲಕ್ಕೆ ವಾಲುತ್ತದೆ. ಅದಕ್ಕೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಭಾಗಕ್ಕೆ ಒಂದು ದಪ್ಪ ಚುಕ್ಕೆ ಇಡಿ. ಆ ಚುಕ್ಕೆ ಫೇಸ್ ಕಡೆಗೆ ಇರುವಂತೆ ಟೀ (ಚೆಂಡು ಕೂರಿಸುವ ಚಿಕ್ಕ ಗೂಟ) ಮೇಲೆ ಕೂರಿಸಿ ಹೊಡೆಯಿರಿ. ಫೇಸ್ ಮೇಲೆ ಗುರುತು ಬೀಳುತ್ತದೆ. ಬಟ್ಟೆಯಲ್ಲಿ ಒರೆಸಿ ಮತ್ತೆ ಹೊಡೆಯಿರಿ. ಇವರ ಗುರುತು ಮಧ್ಯದಲ್ಲೇ ಇತ್ತು. ಹಾಗಾಗಿ ತೊಂದರೆ ಪಾತ್‌ನದ್ದೇ ಅಂತ ಖಾತ್ರಿಯಾಯಿತು.

ಆಮೇಲೆ 7 ಐರನ್ ಕೊಟ್ಟು ಅರ್ಧ ಸ್ವಿಂಗ್ ಹೊಡೆಸಿದೆ. ಚೆಂಡಿನಿಂದ ಸ್ವಲ್ಪ ಹಿಂದೆ, ಹೊರಗಡೆಗೆ, ಅಂದರೆ ಆಟಗಾರರಿಂದ ಆಚೆ ಬದಿಗೆ, ಒಂದು ಖಾಲಿ ರಟ್ಟಿನ ಡಬ್ಬಿ ಇಟ್ಟೆ. ಹೊರಗಿನಿಂದ ಒಳಕ್ಕೆ ಎಳೆದರೆ ಕ್ಲಬ್ ಡಬ್ಬಿಗೆ ಬಡಿಯುತ್ತದೆ. ಡಬ್ಬಿ ಅಲ್ಲಾಡದಂತೆ ಹೊಡೆಯುವುದಷ್ಟೇ ಕೆಲಸ. ಆಗ ನಾನು ಕಾಯುತ್ತಿದ್ದುದು ಚೆಂಡು ನೇರ ಹೋಗಲಿ ಅಂತ ಅಲ್ಲ, ವಾಲುವುದು ಕಡಿಮೆ ಆಗಲಿ ಅಂತ. ಚೆಂಡು ಇನ್ನೂ ಎಡಕ್ಕೇ ಹೋಗುತ್ತಿದೆ, ಆದರೆ ಬಾಗುತ್ತಿಲ್ಲ ಅನ್ನುವ ಹಂತ ಬಂದೇ ಬರುತ್ತದೆ. ಅಲ್ಲಿ ಎಷ್ಟೋ ಜನ ಗಾಬರಿಯಾಗಿ ಹಳೆಯ ಸ್ವಿಂಗ್‌ಗೆ ಹೋಗಿಬಿಡುತ್ತಾರೆ. ಹೋಗಬೇಡಿ. ಅದು ಸುಧಾರಣೆಯೇ. ಫೇಸ್ ತಿದ್ದುವುದು ಅದರ ನಂತರದ ಕೆಲಸ.

ಒಂದು ಹೊಡೆತ ನೋಡಿ ತೀರ್ಮಾನ ಮಾಡಬೇಡಿ. ಹತ್ತು ಹೊಡೆಯಿರಿ, ಚೆಂಡುಗಳು ಎಷ್ಟು ಚದುರಿವೆ ನೋಡಿ. ಸ್ಪಿನ್ ವಿಷಯದಲ್ಲೂ ಹುಷಾರು. ಕೈಯಲ್ಲಿ ಹಿಡಿದೊಯ್ಯುವ ಚಿಕ್ಕ ರೇಡಾರ್ ಮಶೀನುಗಳಲ್ಲಿ ಕೆಲವು ಸ್ಪಿನ್ ಅನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತವೆ. ಮನೆ ಹಿಂದೆ ನೆಟ್ ಕಟ್ಟಿಕೊಂಡು ಹೊಡೆಯುವವರಿಗೆ ಇದು ಜಾಸ್ತಿ ಅನ್ವಯಿಸುತ್ತದೆ, ಯಾಕೆಂದರೆ ಚೆಂಡು ಹಾರುವುದನ್ನು ನೋಡಲು ರೇಡಾರ್‌ಗೆ ಜಾಗವೇ ಇರುವುದಿಲ್ಲ.

ಇನ್ನು ದೂರದ ಮಾತು. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಚೆಂಡು ಸುಮಾರು ಶೇ. 3ರಷ್ಟು ಜಾಸ್ತಿ ಹೋಗುತ್ತದೆ. ಇಲ್ಲಿ 150 ಗಜ ಹೋಗುವ ಅದೇ ಹೊಡೆತ ಕಡಲ ತೀರದ ಮಂಗಳೂರಿನ ಪಿಲಿಕುಳ ಗಾಲ್ಫ್ ಕೋರ್ಸ್‌ನಲ್ಲಿ 145ರ ಹತ್ತಿರ ಬೀಳಬಹುದು. ಕೆಲವು ಮಶೀನುಗಳಲ್ಲಿ ಎತ್ತರ, ತಾಪಮಾನ ನಾವೇ ಹಾಕಬೇಕು. ಅಲ್ಲಿ ಸೊನ್ನೆ ಇದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಯಾವ ಕ್ಲಬ್ ಎಷ್ಟು ದೂರ ಅಂತ ಬರೆದಿಟ್ಟುಕೊಳ್ಳಿ. ರೇಂಜ್‌ನ (ಅಭ್ಯಾಸದ ಜಾಗದ) ಸವೆದ ಚೆಂಡುಗಳಲ್ಲಿ ಹೊಡೆದು ಆ ಪಟ್ಟಿ ಮಾಡಬೇಡಿ. ನೀವು ಕೋರ್ಸ್‌ನಲ್ಲಿ ಆಡುವ ಚೆಂಡನ್ನೇ ತನ್ನಿ.