ಪಿಕಪ್‌ಗೆ ಪಿಕಪ್ಪೇ ಇಲ್ಲ! ಹಳೇ ಡೀಸೆಲ್ ಗಾಡಿಯ ಮೈಲೇಜ್ ಎಲ್ಲಿ ಸೋರುತ್ತದೆ?

ಪ್ರಶ್ನೆ: ನನ್ನದು ಹದಿನೈದು ವರ್ಷ ಹಳೆಯ ಟರ್ಬೊ ಡೀಸೆಲ್ ಪಿಕಪ್. ಮೊದಲು ಲೀಟರಿಗೆ 12 ಕಿ.ಮೀ. ಕೊಡುತ್ತಿತ್ತು, ಈಗ 9 ಬಂದರೆ ಹೆಚ್ಚು. ಏರು ಬಂದರೆ ಎಳೆಯುವುದೇ ಇಲ್ಲ, ಕಪ್ಪು ಹೊಗೆ ಬೇರೆ. ಒಬ್ಬರು ಎಂಜಿನ್ನಿನ ಪಂಪ್‌ನಲ್ಲಿ ಡೀಸೆಲ್ ಜಾಸ್ತಿ ಮಾಡಿಸಿ ಅಂತಾರೆ, ಇನ್ನೊಬ್ಬರು ಎಂಜಿನ್ ಬಿಚ್ಚಿಸಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಕಪ್ಪು ಹೊಗೆ ಬರುತ್ತಿದೆ ಅಂದರೆ ಎಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ ಅಂತಲ್ಲ, ಒಳಗೆ ಹೋದ ಡೀಸೆಲ್ಲೇ ಪೂರ್ತಿ ಉರಿಯುತ್ತಿಲ್ಲ ಅಂತ. ಅದಕ್ಕೆ ಇನ್ನೂ ಡೀಸೆಲ್ ಸುರಿಯುವುದು ಹೊಟ್ಟೆ ಬಿರಿಯುವ ಹಾಗೆ ಉಂಡವನಿಗೆ ಮತ್ತೆ ಬಡಿಸಿದ ಹಾಗೆ. ನಿಮ್ಮ ಗಾಡಿಗೆ ಬೇಕಿರುವುದು ಬಹುಶಃ ಗಾಳಿ. ಮೈಲೇಜ್ ಬಿದ್ದಿರುವುದು, ಎಳೆತ ಹೋಗಿರುವುದು ಬೇರೆ ಬೇರೆ ರೋಗ ಅಂದುಕೊಳ್ಳಬೇಡಿ. ಹಳೇ ಡೀಸೆಲ್ ಗಾಡಿಗಳಲ್ಲಿ ಇವೆರಡೂ ಸಾಮಾನ್ಯವಾಗಿ ಒಂದೇ ಕಡೆಯಿಂದ ಬರುತ್ತವೆ.

ಆದರೆ ಅದಕ್ಕೂ ಮೊದಲು, ಆ 9 ನಿಜವಾ?

ಸುಮ್ನೆ ಕೇಳುತ್ತಿಲ್ಲ. 20 ಲೀಟರ್ ಹಾಕಿಸಿ, 200 ಕಿ.ಮೀ. ಓಡಿಸಿ ಲೆಕ್ಕ ಹಾಕುವವರೇ ಜಾಸ್ತಿ. ಡೀಸೆಲ್ ತುಂಬುವಾಗ ನೊರೆ ಬರುತ್ತದೆ. ನೊರೆ ತಾಗಿದ ಕೂಡಲೇ ಪೈಪ್ ಟಕ್ ಅಂತ ನಿಲ್ಲುತ್ತದೆ. ಗಾಡಿ ಸ್ವಲ್ಪ ವಾಲಿ ನಿಂತಿದ್ದರೆ ಟ್ಯಾಂಕಿನ ಮೂಲೆಯಲ್ಲಿ ಗಾಳಿ ಉಳಿಯುತ್ತದೆ. ಹೀಗೆ 2 ಲೀಟರ್ ಆಚೀಚೆ ಆಗುವುದು ದೊಡ್ಡ ಮಾತಲ್ಲ. 20 ಲೀಟರಿನಲ್ಲಿ 2 ಲೀಟರ್ ತಪ್ಪಿದರೆ, 10 ಕೊಡುವ ಗಾಡಿ ಒಮ್ಮೆ 11 ತೋರಿಸುತ್ತದೆ, ಇನ್ನೊಮ್ಮೆ 9. ಅದೇ 2 ಲೀಟರ್ 55 ಲೀಟರಿನಲ್ಲಿ ತಪ್ಪಿದರೆ ಶೇ. 4ರೊಳಗೆ ಇರುತ್ತದೆ. ಹಾಗಾಗಿ ಫುಲ್ ಟ್ಯಾಂಕ್ ಮಾಡಿ, ಮುಳ್ಳು ಕೆಳಗಿಳಿಯುವವರೆಗೆ ಓಡಿಸಿ, ಅದೇ ಬಂಕ್‌ನಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಫುಲ್ ಮಾಡಿ. ಇಂಥ ಮೂರು ಟ್ಯಾಂಕಿನ ಲೆಕ್ಕ ಒಟ್ಟು ಮಾಡಿದರೆ ಬರುವ ಸಂಖ್ಯೆಯನ್ನು ನಂಬಬಹುದು.

ಟೈರ್ ಏನಾದರೂ ಬದಲಾಯಿಸಿದ್ದೀರಾ? ಇದನ್ನು ಯಾರೂ ಯೋಚಿಸುವುದಿಲ್ಲ. ಕಿಲೋಮೀಟರ್ ಮೀಟರ್ ಎಣಿಸುವುದು ರಸ್ತೆಯನ್ನಲ್ಲ, ಚಕ್ರದ ಸುತ್ತುಗಳನ್ನು. 235/75 ಆರ್ 15 ಟೈರಿನ ಅಡ್ಡಳತೆ ಸುಮಾರು 733 ಮಿ.ಮೀ. ಹೊಸದರಲ್ಲಿ 8 ಮಿ.ಮೀ. ಇದ್ದ ಬಟನ್ (ರಸ್ತೆಗೆ ತಾಗುವ ರಬ್ಬರ್ ಹಲ್ಲು) 2ಕ್ಕೆ ಸವೆದರೆ ಅಡ್ಡಳತೆ 12 ಮಿ.ಮೀ. ಕಡಿಮೆಯಾಗುತ್ತದೆ. ಅಂದರೆ ಹೊಸ ಟೈರಿಗೆ ಹೋಲಿಸಿದರೆ ಸವೆದ ಟೈರ್ 1000 ಕಿ.ಮೀ.ಗೆ ಸುಮಾರು 17 ಕಿ.ಮೀ. ಜಾಸ್ತಿ ತೋರಿಸುತ್ತದೆ. ಹೊಸ ಟೈರ್ ಹಾಕಿಸಿದ ಮರುದಿನದಿಂದ "ಮೈಲೇಜ್ ಇಳೀತು" ಅನ್ನುವವರ ದೂರಿನಲ್ಲಿ ಒಂದು ಪಾಲು ಇದೇ. ಅದರ ಬದಲು ನೋಟ ಚೆನ್ನಾಗಿರಲಿ ಅಂತ 265/75 ಆರ್ 16 ಹಾಕಿಸಿದ್ದರೆ ಕಥೆಯೇ ಬೇರೆ. ಅದರ ಅಡ್ಡಳತೆ 804 ಮಿ.ಮೀ. ನೀವು 100 ಕಿ.ಮೀ. ಓಡಿದರೂ ಮೀಟರಿನಲ್ಲಿ 91ರ ಆಸುಪಾಸು ಬರುತ್ತದೆ. 12 ಅಲ್ಲೇ 11ರ ಕೆಳಗಿಳಿಯಿತು, ಎಂಜಿನ್ ಏನೂ ತಪ್ಪು ಮಾಡದೆ! ಜೊತೆಗೆ ಚಕ್ರ ದೊಡ್ಡದಾದಷ್ಟೂ ಎಲ್ಲ ಗೇರುಗಳೂ ಉದ್ದವಾದ ಹಾಗೆ. ಏರಿನಲ್ಲಿ ಎಳೆಯದೇ ಇರುವುದಕ್ಕೆ ಅದೂ ಒಂದು ಕಾರಣ.

ಈಗ ಗಾಳಿಯ ವಿಷಯಕ್ಕೆ ಬರೋಣ.

ಹಳೇ ಡೀಸೆಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ತುಳಿದರೆ ಗಾಳಿಯ ಬಾಗಿಲು ತೆರೆಯುವುದಿಲ್ಲ. ಪೆಟ್ರೋಲ್ ಎಂಜಿನ್ ಹಾಗೆ ಕೆಲಸ ಮಾಡುತ್ತದೆ, ಇದು ಹಾಗಲ್ಲ. ಇಲ್ಲಿ ಗಾಳಿ ಬಂದಷ್ಟು ಬರುತ್ತದೆ, ಕಾಲು ಹೇಳುವುದು ಎಷ್ಟು ಡೀಸೆಲ್ ಅಂತ ಮಾತ್ರ. ಒಂದು ಲೀಟರ್ ಡೀಸೆಲ್ ಸುಮಾರು 840 ಗ್ರಾಂ ತೂಗುತ್ತದೆ. ಅದು ಪೂರ್ತಿ ಉರಿಯಲು ಅದರ ಹದಿನಾಲ್ಕೂವರೆ ಪಟ್ಟು ತೂಕದ ಗಾಳಿ ಬೇಕು, ಅಂದರೆ 12 ಕೆ.ಜಿ. ಲೀಟರಿನಲ್ಲಿ ಹೇಳಿದರೆ ಹತ್ತು ಸಾವಿರ ಲೀಟರ್ ಗಾಳಿ. ಅದೂ ಕನಿಷ್ಠ. ಹೊಗೆ ಇಲ್ಲದೆ ಓಡಬೇಕಾದರೆ ಇದಕ್ಕಿಂತ ಜಾಸ್ತಿಯೇ ಬೇಕು.

ಇಷ್ಟು ಗಾಳಿಯನ್ನು ಚಿಕ್ಕ ಎಂಜಿನ್ ತಾನಾಗಿ ಸೇದಲಾರದು. 2.5 ಲೀಟರ್ ಎಂಜಿನ್ 2000 ಆರ್‌ಪಿಎಂನಲ್ಲಿ ಟರ್ಬೊ ಇಲ್ಲದೆ ಸೇದುವುದು ಹೆಚ್ಚೆಂದರೆ ನಿಮಿಷಕ್ಕೆ 2500 ಲೀಟರ್. ಟರ್ಬೊ ಇರುವುದೇ ಅದಕ್ಕೆ. ಹೊರಹೋಗುವ ಹೊಗೆಯ ರಭಸದಿಂದ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಆ ದಾರಿಯಲ್ಲಿ ಎಲ್ಲಾದರೂ ಸೋರಿದರೆ, ಟರ್ಬೊ ಗಟ್ಟಿಮುಟ್ಟಾಗಿದ್ದರೂ ನಿಮ್ಮದು ಟರ್ಬೊ ಇಲ್ಲದ ಗಾಡಿ. ಡೀಸೆಲ್ ಮಾತ್ರ ಟರ್ಬೊ ಲೆಕ್ಕದಲ್ಲೇ ಬೀಳುತ್ತಿರುತ್ತದೆ. ಉರಿಯದೆ ಉಳಿದದ್ದು ಕಪ್ಪು ಹೊಗೆ. ನೀವು ಎಳೆಯಲ್ಲ ಅಂತ ಇನ್ನೂ ತುಳಿಯುತ್ತೀರಿ, ಅದು ಇನ್ನೂ ಹೊಗೆ ಬಿಡುತ್ತದೆ, ಮೈಲೇಜ್ ಇನ್ನೂ ಬೀಳುತ್ತದೆ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟೇ. ನನ್ನ ಹಳೇ ಪಿಕಪ್ಪಿಗೂ ನೀವು ಹೇಳಿದ್ದೇ ಲಕ್ಷಣಗಳಿದ್ದವು. ನಾಜಲ್, ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಮೂತಿ, ಹೋಗಿದೆ ಅಂದರು, ನಾಲ್ಕೂ ಬದಲಾಯಿಸಿದೆ. ಹೊಗೆ ಹಾಗೇ ಇತ್ತು. ಕೊನೆಗೊಂದು ದಿನ ಆಯಿಲ್ ನೋಡೋಣ ಅಂತ ಬಾನೆಟ್ ಎತ್ತಿದಾಗ, ಇಂಟರ್‌ಕೂಲರ್‌ನಿಂದ (ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಭಾಗ) ಎಂಜಿನ್‌ಗೆ ಹೋಗುವ ರಬ್ಬರ್ ಹೋಸಿನ ಕೆಳಗೆ ಎಣ್ಣೆ ಬೆರೆತ ಧೂಳು ಗೆರೆಯಾಗಿ ಅಂಟಿದ್ದು ಕಂಡಿತು. ಕೈಹಾಕಿ ಹೋಸನ್ನು ಹಿಂಡಿದೆ. ತಳಭಾಗದಲ್ಲಿ ಕಿರುಬೆರಳಿನ ಉದ್ದದ ಸೀಳು ಬಾಯಿ ತೆರೆಯಿತು, ಬಿಟ್ಟ ಕೂಡಲೇ ಮುಚ್ಚಿಕೊಂಡಿತು. ಮೇಲಿನಿಂದ ನೋಡಿದರೆ ಹೋಸ್ ಹೊಸದರ ಹಾಗಿತ್ತು. ಹೋಸ್ ಬದಲಾಯಿಸಿದ ದಿನವೇ ಏರಿನಲ್ಲಿ ಒಂದು ಗೇರ್ ಇಳಿಸುವುದು ತಪ್ಪಿತು.

ಇಂಥ ಸೀಳು ಗಾಡಿ ನಿಲ್ಲಿಸಿಕೊಂಡು ರೇಸ್ ಮಾಡಿದರೆ ಸಿಗುವುದು ಕಷ್ಟ. ಟರ್ಬೊ ಗಾಳಿ ಒತ್ತುವುದು ಎಂಜಿನ್ ಮೇಲೆ ಭಾರ ಬಿದ್ದಾಗ. ನ್ಯೂಟ್ರಲ್‌ನಲ್ಲಿ ಎಷ್ಟು ಕಿರುಚಿಸಿದರೂ ಒತ್ತಡ ಹೆಚ್ಚು ಏರುವುದಿಲ್ಲ. ಎಂಜಿನ್ ತಣ್ಣಗಿದ್ದಾಗ, ಆಫ್ ಮಾಡಿ, ಟಾರ್ಚ್ ಹಿಡಿದು ಒಂದೊಂದೇ ಹೋಸ್ ಹಿಂಡಿ ನೋಡಿ. ಕ್ಲಿಪ್ ಕೂತ ಜಾಗ, ಬಾಗಿದ ಜಾಗ, ಎರಡು ಪೈಪ್ ಒಂದಕ್ಕೊಂದು ಉಜ್ಜುವ ಜಾಗ ಬಿಡಬೇಡಿ. ಎಣ್ಣೆ ಜಿಡ್ಡು ಎಲ್ಲಿದೆಯೋ ಅಲ್ಲೇ ಅನುಮಾನ ಪಡಿ. ಏರಿನಲ್ಲಿ ತುಳಿದಾಗ ಬುಸ್ ಅನ್ನುವ ಸದ್ದು ಕೇಳಿದರೆ ಅದೇ ದೊಡ್ಡ ಸುಳಿವು. ಗ್ಯಾರೇಜ್‌ನಲ್ಲಾದರೆ ಪೈಪಿನ ಬಾಯಿ ಮುಚ್ಚಿ, ಸ್ವಲ್ಪ ಗಾಳಿ ತುಂಬಿಸಿ, ಸೋಪ್ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತಾರೆ. ಪಂಕ್ಚರ್ ಹುಡುಕುವ ವಿದ್ಯೆಯೇ.

ಹೋಸ್ ಸರಿಯಿದ್ದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ಆಮೇಲೆ ಇಜಿಆರ್ ವಾಲ್ವ್. ಇದು ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಬಾಗಿಲು. ಹಳೇ ಗಾಡಿಗಳಲ್ಲಿ ಮಸಿ, ಎಣ್ಣೆ ಸೇರಿ ಇದು ಅರ್ಧ ತೆರೆದೇ ಅಂಟಿಕೊಳ್ಳುತ್ತದೆ. ಆಗ ಬೇಡದ ಹೊತ್ತಲ್ಲೂ ಎಂಜಿನ್ ತನ್ನ ಹೊಗೆಯನ್ನೇ ಕುಡಿಯುತ್ತಿರುತ್ತದೆ. ಬಿಚ್ಚಿ ತೊಳೆದರೆ ಎಷ್ಟೋ ಸಲ ಸರಿಯಾಗುತ್ತದೆ. ಪ್ಲೇಟ್ ಹಾಕಿ ಮುಚ್ಚಿಬಿಡಿ ಅನ್ನುವವರೂ ಸಿಗುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆ ವಾಲ್ವ್ ಇರುವುದು ವಿಷದ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಲು, ಮುಚ್ಚುವುದು ಎಷ್ಟೋ ಕಡೆ ಕಾನೂನಿಗೂ ವಿರುದ್ಧ.

ಡೀಸೆಲ್ ಕಡೆಯ ತೊಂದರೆಗೆ ಮುಖವೇ ಬೇರೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಏರಿನಲ್ಲಿ ಉಸಿರು ನಿಂತ ಹಾಗೆ ಆಗುತ್ತದೆ. ಆದರೆ ಕಪ್ಪು ಹೊಗೆ ಇರುವುದಿಲ್ಲ. ಹೊಗೆ ಬಂದು ಎಳೆಯದಿದ್ದರೆ ಮೊದಲು ಗಾಳಿ ನೋಡಿ, ಹೊಗೆ ಇಲ್ಲದೆ ಎಳೆಯದಿದ್ದರೆ ಡೀಸೆಲ್ ನೋಡಿ. ಫಿಲ್ಟರ್ ತಳದಲ್ಲಿ ನೀರು ಬಿಡುವ ತಿರುಪಿದ್ದರೆ ಆಗಾಗ ಬಿಡಿ. ಇನ್ನು ನಾಜಲ್ ಕೆಟ್ಟರೂ ಕಪ್ಪು ಹೊಗೆ ಬರುತ್ತದೆ, ಡೀಸೆಲ್ ಮಂಜಿನ ಹಾಗೆ ಚಿಮ್ಮುವ ಬದಲು ಹನಿಹನಿ ಬೀಳುತ್ತದೆ. ಆದರೆ ಅದನ್ನು ಬೆಂಚ್ ಮೇಲೆ ಟೆಸ್ಟ್ ಮಾಡಿಸಿದ ಮೇಲೇ ಬದಲಾಯಿಸಿ, ನನ್ನ ಹಾಗೆ ಅಂದಾಜಿನ ಮೇಲಲ್ಲ. ನಿಮ್ಮದು ಕಾಮನ್ ರೈಲ್ ಎಂಜಿನ್ (ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು) ಆಗಿದ್ದರೆ ಒಂದು ಎಚ್ಚರಿಕೆ: ಓಡುತ್ತಿರುವ ಎಂಜಿನ್‌ನಲ್ಲಿ ಡೀಸೆಲ್ ಸೋರುವ ಜಾಗವನ್ನು ಬೆರಳಿಂದ ಹುಡುಕಬೇಡಿ. ಒಳಗೆ ಸಾವಿರ ಬಾರ್ ಮೀರಿದ ಒತ್ತಡ ಇರುತ್ತದೆ. ಸೂಜಿಮೊನೆಯಷ್ಟು ತೂತಿಂದ ಬಂದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಟೈಮಿಂಗ್ ಬೆಲ್ಟ್ ಬದಲಾಯಿಸಿದ ಮೇಲೆಯೇ ಇದೆಲ್ಲ ಶುರುವಾಯಿತಾ? ಹಾಗಿದ್ದರೆ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತು, ವಾಲ್ವ್ ತೆರೆಯುವ ಹೊತ್ತು ಕೆಟ್ಟಿರಬಹುದು. ಹಾಗೆಯೇ, ಎಷ್ಟು ದೂರ ಓಡಿದರೂ ಟೆಂಪರೇಚರ್ ಮುಳ್ಳು ಎಂದಿನ ಜಾಗಕ್ಕೆ ಬರುತ್ತಿಲ್ಲ ಅಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಬಾಗಿಲು) ತೆರೆದೇ ನಿಂತಿರಬಹುದು. ತಣ್ಣಗಿನ ಎಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಬಿಸಿಯಾಗದಿರಲಿ ಅಂತ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿರುವ ಗಾಡಿಗಳನ್ನೂ ನೋಡಿದ್ದೇನೆ. ಹಳೇ ಗಾಡಿ ಕೊಂಡಿದ್ದರೆ ಒಮ್ಮೆ ತೆರೆದು ನೋಡಿ.

ಎಂಜಿನ್ ಸರಿಯಿದ್ದೂ ಗಾಡಿ ಎಳೆಯದಿರಲು ಇನ್ನೊಂದು ಕಾರಣ, ಬ್ರೇಕ್ ಹಿಡಿದುಕೊಂಡಿರುವುದು. ಬ್ರೇಕ್ ಹೆಚ್ಚು ಮುಟ್ಟದೆ ಹತ್ತು ಕಿ.ಮೀ. ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಅಂಗೈ ತನ್ನಿ. ಮುಟ್ಟಬೇಡಿ, ಸುಟ್ಟೀತು. ಒಂದು ಚಕ್ರ ಮಾತ್ರ ಝಳ ಹೊಡೆದರೆ ಅಲ್ಲಿ ಪಿಸ್ಟನ್ನೋ ಪಿನ್ನೋ ಅಂಟಿದೆ. ಹಿಂದಿನ ಎರಡೂ ಬಿಸಿಯಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ಆರ್‌ಪಿಎಂ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ.

ಓಡಿಸುವ ರೀತಿಯ ಬಗ್ಗೆ ಉಪದೇಶ ಮಾಡುವುದಿಲ್ಲ, ಎರಡು ಲೆಕ್ಕ ಮಾತ್ರ ಹೇಳುತ್ತೇನೆ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಶೇ. 56 ಜಾಸ್ತಿ. ಪಿಕಪ್‌ನಂಥ ಚೌಕಾಕಾರದ ಗಾಡಿಗೆ ಇದು ಭಾರಿ ಪೆಟ್ಟು. ಹಿಂದಿನ ಡಾಲಾ (ಸಾಮಾನು ತುಂಬುವ ತೊಟ್ಟಿ) ಬಾಗಿಲು ಇಳಿಸಿಕೊಂಡು ಹೋದರೆ ಉಳಿತಾಯ ಅನ್ನುವುದು ಹುಸಿ. ಮುಚ್ಚಿದ ಡಾಲಾದೊಳಗೆ ಗಾಳಿ ಸುತ್ತುತ್ತಾ ಒಂದು ಮೆತ್ತೆಯಾಗಿ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿಹೋಗುತ್ತದೆ. ತೆರೆದರೆ ಆ ಮೆತ್ತೆ ಒಡೆಯುತ್ತದೆ. ಎರಡನೆಯದು ಲೋಡ್. ಒಂದು ಟನ್ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಎಂಜಿನ್ನಿನ ನಷ್ಟವೆಲ್ಲ ಸೇರಿ, ಬೇಕಾಗುವುದು ಸುಮಾರು 80 ಮಿ.ಲೀ. ಡೀಸೆಲ್. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಲೋಡಿಗಿಂತ ಅವಸರವೇ ಜಾಸ್ತಿ ಕುಡಿಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾತ್ರ ಬೇಡ. ಗೇರ್‌ನಲ್ಲಿದ್ದು ಕಾಲು ತೆಗೆದರೆ ಪಂಪ್ ಡೀಸೆಲ್ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಬೇಕಾದಷ್ಟು ಸುರಿಯುತ್ತಲೇ ಇರುತ್ತದೆ. ಬ್ರೇಕ್ ಕಾಯುವುದು ಬೇರೆ.

ಇನ್ನು ಡೀಸೆಲ್ ಜಾಸ್ತಿ ಮಾಡುವ ಪಂಪಿನ ತಿರುಪು, ಎಲೆಕ್ಟ್ರಾನಿಕ್ ಚಿಪ್. ಗಾಳಿ, ಡೀಸೆಲ್, ಬ್ರೇಕ್ ಎಲ್ಲ ಸರಿಯಾದ ಮೇಲೆ ಪವರ್ ಇನ್ನೂ ಬೇಕು ಅನ್ನಿಸಿದರೆ ಆಗ ಯೋಚಿಸಿ. ಆಗ ಸಿಗುವುದೂ ಪವರ್, ಮೈಲೇಜ್ ಅಲ್ಲ. ಡೀಸೆಲ್ ಜಾಸ್ತಿಯಾದಷ್ಟೂ ಹೊಗೆಯ ಬಿಸಿ ಏರುತ್ತದೆ, ಆ ಬಿಸಿ ತಾಗುವುದು ಹದಿನೈದು ವರ್ಷ ದುಡಿದ ಪಿಸ್ಟನ್‌ಗೆ, ಟರ್ಬೊಗೆ. ಮೈಲೇಜ್ ಹೆಚ್ಚಿಸುತ್ತದೆ ಅಂತ ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತದ ಬಗ್ಗೆ ಕೇಳಲೇಬೇಡಿ.

ಎಂಜಿನ್ ಬಿಚ್ಚಿಸುವ ಮಾತು ಬರುವುದು ಬೇರೆ ಲಕ್ಷಣ ಕಂಡಾಗ. ನೀಲಿ ಹೊಗೆ, ಆಗಾಗ ಆಯಿಲ್ ತುಂಬಿಸಬೇಕಾಗುವುದು, ಬೆಳಗ್ಗೆ ಬಿಳಿ ಹೊಗೆ ಬಿಡುತ್ತಾ ಸ್ಟಾರ್ಟ್ ಆಗಲು ಒದ್ದಾಡುವುದು, ಇವು ನೋಡಿ. ಐಡ್ಲಿಂಗ್‌ನಲ್ಲಿ ಆಯಿಲ್ ತುಂಬಿಸುವ ಮುಚ್ಚಳ ಸಡಿಲಿಸಿ ಅಲ್ಲೇ ಇಡಿ. ಅಲ್ಲೇ ಸುಮ್ನೆ ನಡುಗಿದರೆ ಸರಿ. ಹಾರಿ ಬಿದ್ದು ಒಳಗಿಂದ ಬುಸುಬುಸು ಹೊಗೆ ಬಂದರೆ ರಿಂಗ್, ಬೋರ್ ಸವೆದಿರುವ ಸಾಧ್ಯತೆ ಹೆಚ್ಚು. ಆಗಲೂ ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ, ನಾಲ್ಕೂ ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ನಾಲ್ಕೂ ಒಂದಕ್ಕೊಂದು ಹತ್ತಿರವಿದ್ದು, ಆ ಎಂಜಿನ್ನಿಗೆ ಹೇಳಿದ ಕನಿಷ್ಠಕ್ಕಿಂತ ಮೇಲಿದ್ದರೆ ಬಿಚ್ಚಿಸಬೇಡಿ.

ಎಲ್ಲ ಮಾಡಿದರೂ ಪೂರ್ತಿ 12 ಬರದಿರಬಹುದು. 9ರಿಂದ 10.5ಕ್ಕೆ ಬಂದರೂ 1000 ಕಿ.ಮೀ.ಗೆ 111 ಲೀಟರ್ ಇದ್ದದ್ದು 95 ಆಗುತ್ತದೆ, 16 ಲೀಟರ್ ಉಳಿಯಿತು. ಅಲ್ಲಿಂದ 12ಕ್ಕೆ ಹೋದರೆ ಸಿಗುವುದು ಇನ್ನು 12 ಲೀಟರ್ ಮಾತ್ರ. ಮೊದಲು ಟಾರ್ಚ್ ಹಿಡಿದು ಆ ಹೋಸಿನ ತಳ ನೋಡಿ.